ನಿಂತೇ ತೂಕಡಿಸಿದ ಬಿಳಿ ಕುದುರೆ

ಶಿರಾದಲ್ಲಿ ಪಶುವೈದ್ಯೆಯಾಗಿ ಎಷ್ಟೋ ಹಸು, ಎಮ್ಮೆಗಳ ಹೊಟ್ಟೆ ಕೊಯ್ದು ಹೊಲಿದಿದ್ದೆ. ಕುದುರೆಗೆ ಮಾತ್ರ ಕತ್ತರಿ ಹಾಕಿರಲಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವ ಸಾಹೇಬರೊಬ್ಬರು ತಮ್ಮ ಬಿಳಿ ಹೆಣ್ಣುಗುದುರೆಯನ್ನು ಆಸ್ಪತ್ರೆಗೆ ಕರೆತಂದಾಗ ಒಳಗೊಳಗೇ ಅಳುಕಿದೆ. ಬಲಗಣ್ಣಿನಲ್ಲಿ ಗಡ್ಡೆ ಬೆಳೆದಿತ್ತು. ಕಣ್ಣನ್ನೇ ತೆಗೆಯಬೇಕಿತ್ತು.

"ತೆಗೀರಿ ಮೇಡಂ. ಆದ್ರೆ ಮತ್ತು ಕೊಟ್ಟು ಮಲಗ್ಸಬ್ಯಾಡಿ," ಅಂದರು. "ಇವಳ ತಾಯಿನ ಹಂಗೇ ಮಲಗ್ಸಿದ್ರು. ಆ ಮತ್ತಿನಲ್ಲೇ ಏಳಾಕೋಗಿ ಕಾಲು ಮುರ್ಕಂಡ್ಬುಟ್ಲು."

ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸಿದ ಮೇಷ್ಟ್ರಿಗೆ ಫೋನು ಮಾಡಿದೆ. "ನಿಲ್ಲಿಸಿಯೇ ಮಾಡು. ತೂಕಡಿಸ್ತಿದ್ರೂ ಒದೀತದೆ, ಮರೀಬೇಡ," ಎಂದರು.

ಮರುದಿನ ಬೆಳಿಗ್ಗೆ ಬೇವಿನ ನೆರಳಲ್ಲಿ ಕುತ್ತಿಗೆಯ ರಕ್ತನಾಳಕ್ಕೆ ಮಂಪರಿನ ಇಂಜೆಕ್ಷನ್ ಕೊಟ್ಟೆ. ಐದು ನಿಮಿಷಕ್ಕೆ ತಲೆ ಇಳಿಯಿತು, ಕೆಳದುಟಿ ಜೋತುಬಿತ್ತು. ಸಾಹೇಬರು ಆ ಭಾರದ ತಲೆಯನ್ನು ತಮ್ಮ ಹೆಗಲಿಗೆ ಆನಿಸಿಕೊಂಡರು. ಕಣ್ಣಿನ ಸುತ್ತ ಮರಗಟ್ಟಿಸಿ ಕೆಲಸ ಶುರುಮಾಡಿದೆ.

ಅರ್ಧ ಮುಗಿದಿತ್ತು. ಹಿಂಗಾಲೊಂದು ನಿಧಾನವಾಗಿ ಮೇಲೆದ್ದಿತು. ನಾನು ಹಿಂದೆ ಸರಿದು, ಮಂಪರು ಇನ್ನಷ್ಟು ಕೊಟ್ಟು ಕಾದೆ. ಸಾಹೇಬರು ಕುದುರೆಯ ಕಿವಿಯಲ್ಲಿ ಮೆಲ್ಲಗೆ ಮಾತಾಡತೊಡಗಿದರು.

"ಪಾವಗಡದ ಮದ್ವೇಲಿ ಪಟಾಕಿ ಹೊಡುದ್ರೂ ನೀನು ಅಲ್ಲಾಡ್ಲಿಲ್ಲ ಅಲ್ವಾ ಬೇಟಿ?"

ಕಿವಿ ಅವರ ಕಡೆ ಹೊರಳಿತು. ಕಾಲು ಇಳಿಯಿತು. ಔಷಧಿಯ ಕೆಲಸವೇ ಇರಬೇಕು. ಆದರೂ, "ಮಾತು ನಿಲ್ಲಿಸಬೇಡಿ," ಅಂದೆ. ಕೊನೆಯ ಹೊಲಿಗೆಯವರೆಗೂ ಅವರು ಮದುವೆಗಳ ಕತೆ ಹೇಳಿದರು. ಮಧುಗಿರಿಯಲ್ಲಿ ಗಂಡೊಬ್ಬ ಹತ್ತಲು ಹೆದರಿ, ಕುದುರೆಯ ಪಕ್ಕದಲ್ಲೇ ಛತ್ರದವರೆಗೆ ನಡೆದನಂತೆ. ಸೂಜಿ ಹಿಡಿದುಕೊಂಡೇ ನಕ್ಕೆ.

ಗಾಯ ಚೆನ್ನಾಗಿ ಮಾಯಿತು. ಕುದುರೆ ಕತ್ತು ಹೊರಳಿಸಿ ಒಂದೇ ಕಣ್ಣಲ್ಲಿ ದಾರಿ ನೋಡುವುದನ್ನು ಕಲಿಯಿತು. ಒಕ್ಕಣ್ಣಿನ ಕುದುರೆಯನ್ನು ಮದುವೆಗೆ ಯಾರು ಕರೆಯುತ್ತಾರೆ ಎಂಬ ಚಿಂತೆಯಲ್ಲಿ ಸಾಹೇಬರು ಆ ಬದಿ ಮುಚ್ಚುವಂಥ ಜರಿಯ ಮುಖವಾಡವೊಂದನ್ನು ಹೊಲಿಸಿದರು.

ಕೆಲವು ತಿಂಗಳ ನಂತರ ಕೊರಟಗೆರೆಯ ಮದುವೆಯೊಂದಕ್ಕೆ ಹೋದಾಗ ಛತ್ರದ ಮುಂದೆ ಅದೇ ಕುದುರೆ ನಿಂತಿತ್ತು. ಮುಖವಾಡ ಇರಲಿಲ್ಲ. ಮುದುಕಿಯೊಬ್ಬರು ಅದಕ್ಕೆ ಬೆಲ್ಲ ತಿನ್ನಿಸುತ್ತಿದ್ದರು.

"ಮದ್ವೆ ಹೆಣ್ಣಿನ ಅಜ್ಜಿ," ಎಂದರು ಸಾಹೇಬರು. "ಸೆಕೆ ಅಂತ ಮುಖವಾಡ ತಗದ್ಬುಟ್ಟೆ. ಅಜ್ಜಿ ನೋಡೇಬುಟ್ರು. ಬೈತಾರೆ ಅನ್ಕಂಡೆ. 'ನಂಗೂ ಒಂದೇ ಕಣ್ಣು ಕಾಣೋದು, ಇರ್ಲಿ ಬುಡಪ್ಪ' ಅಂದ್ರು."

ನಾನು ಅದಕ್ಕೆ ಕಾಣುವಂತೆ ಎಡಗಡೆಯಿಂದ ಹೋಗಿ ಕೊರಳು ತಟ್ಟಿದೆ. ಕುದುರೆ ನನ್ನ ಕೈ ಮೂಸಿ ಮುಖ ತಿರುಗಿಸಿ, ಮತ್ತೆ ಅಜ್ಜಿಯ ಬೆಲ್ಲಕ್ಕೆ ಬಾಯಿ ಹಾಕಿತು.