ಖಾನಾವಳಿ ಅವ್ವ ಕಾದ ಐದು ದಿನ

೨೦೨೩ರ ಫೆಬ್ರವರಿ ೧೪, ಮಂಗಳವಾರ. ಆಧಾರ: ನನ್ನ ದಿನಚರಿ, ಆ ವರ್ಷದ ಸಂಪುಟ. ಆ ಪುಟದ ಬಲ ಅಂಚಿನಲ್ಲಿ ಮೂರು ಬೆರಳುಗಳ ಗುರುತಿದೆ. ಜೋಳದ ಹಿಟ್ಟು ಎಂದೋ ಉದುರಿಹೋಗಿದೆ, ಅದರೊಡನಿದ್ದ ನೀರಿನ ಕಲೆ ಉಳಿದಿದೆ. ಬೆಳಕಿಗೆ ಹಿಡಿದರೆ ಬೆರಳ ತುದಿಗಳು ಹರಡಿ ಚಪ್ಪಟೆಯಾಗಿರುವುದು ಕಾಣುತ್ತದೆ. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. "ಇಲ್ಲೇ ಬರಕೋರಿ ಸರ, ಇಲ್ಲಾಂದ್ರ ಮರೀತೀರಿ" ಎಂದು ಆ ಕೈ ಒತ್ತಿ ತೋರಿಸಿದ ಜಾಗದಲ್ಲಿ ನಾನು ಬರೆದುಕೊಂಡದ್ದು ಇಷ್ಟು: 'ಖಾನಾವಳಿಯವರು ಬಂದಿದ್ದರು. ಯೊರೂಬಾ ಮತ್ತು ಎಡೋ ಭಾಷೆಗಳ ಕೆಲವು ಮಾತು ಬೇಕಂತೆ. ಪರಿಶೀಲಿಸಿ ಹೇಳುವೆನೆಂದೆ.'

ಸೇಡಂ ಊರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು 'ಖಾನಾವಳಿ ಅವ್ವ' ಎಂದು. ತವರು ಚಿಂಚೋಳಿ ತಾಲೂಕಿನ ಐನಾಪುರ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ತೆಲುಗು, ದಖ್ಖನಿ, ಮರಾಠಿಗಳಲ್ಲಿ ಊಟಕ್ಕೆ ಬೇಕಾದಷ್ಟು ಮಾತು ಅವರಿಗೆ ಬರುತ್ತಿತ್ತು. ಯಾವ ಊರಿನ ಲಾರಿ ಚಾಲಕ ಬಂದು ಕುಳಿತರೂ ಅವನ ಭಾಷೆಯಲ್ಲಿ 'ಇನ್ನೊಂದು ಹಾಕಲೇ?' ಎಂಬುದನ್ನು ಮೊದಲು ಕಲಿಯುತ್ತಿದ್ದರು, 'ಸಾಕು' ಎಂಬುದನ್ನು ಬೇಕೆಂದೇ ಕಡೆಗೆ ಕಲಿಯುತ್ತಿದ್ದರು. "ಸಾಕು ಅನ್ನೋದು ತಿಳಿದ್ರ ಹಾಕೋದು ನಿಂತು ಬಿಡ್ತದ ನೋಡ್ರಿ" ಎನ್ನುತ್ತಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಪದಕೋಶಗಳ ಕೆಲಸ ಮಾಡಿ ನಿವೃತ್ತನಾದವನು. ಪತ್ನಿ ತೀರಿದ ಮೇಲೆ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ. ಭಾಷೆಯನ್ನು ಕುರಿತು ಊರಿನಲ್ಲಿ ಯಾರಿಗೆ ಏನು ಸಂಶಯ ಬಂದರೂ ನನ್ನತ್ತ ಬೆರಳು ತೋರಿಸುವವರಲ್ಲಿ ಅವರೇ ಮೊದಲಿಗರು.

ಆ ಚಳಿಗಾಲದಲ್ಲಿ ಆದಿತ್ಯನಗರದ ಕಡೆಯ ಸಿಮೆಂಟ್ ಕಾರ್ಖಾನೆಗೆ ನೈಜೀರಿಯಾದಿಂದ ಇಬ್ಬರು ತರಬೇತಿಗೆ ಬಂದಿದ್ದರು. ಸೇಡಮಿನಲ್ಲಿ ಕೋಣೆ ಹಿಡಿದು ಅವ್ವನ ಖಾನಾವಳಿಯಲ್ಲೇ ಎರಡು ಹೊತ್ತು ಉಣ್ಣುತ್ತಿದ್ದರು. ಅವ್ವನಿಗೆ ಅವರ ಹೆಸರು ನಾಲಿಗೆಗೆ ಹತ್ತಲಿಲ್ಲ. ವಯಸ್ಸಿನಲ್ಲಿ ಹಿರಿಯನಾದವನು 'ದೊಡ್ಡಾತ', ಇನ್ನೊಬ್ಬ 'ಸಣ್ಣಾತ'. ದೊಡ್ಡಾತನ ಮನೆಮಾತು ಎಡೋ, ಸಣ್ಣಾತನದು ಯೊರೂಬಾ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಇಬ್ಬರ ನಡುವೆ ಇಂಗ್ಲಿಷ್.

ಫೆಬ್ರವರಿಯ ಎರಡನೆಯ ವಾರ ಸಣ್ಣಾತನ ತಾಯಿ ನೈಜೀರಿಯಾದಲ್ಲಿ ತೀರಿಕೊಂಡರು. ಟಿಕೆಟು ಹೊಂದಿಸುವಷ್ಟರಲ್ಲಿ ಮಣ್ಣು ಮುಗಿದುಹೋಗಿತ್ತು, ಹೋಗುವುದು ಆಗಲಿಲ್ಲ. ಅವನು ಊಟ ಬಿಟ್ಟ. ವೇಳೆಗೆ ಸರಿಯಾಗಿ ಬಂದು ಕೂಡುತ್ತಿದ್ದ, ತಾಟಿನ ಮುಂದೆ ಕೈಕಟ್ಟಿ ಕುಳಿತು, ಕರಿ ಚಹಾ ಕುಡಿದು ಎದ್ದು ಹೋಗುತ್ತಿದ್ದ.

೧೪ರಂದು ಅವ್ವ ಕೈಹಿಟ್ಟು ತೊಳೆಯದೆ ನನ್ನ ಮನೆಗೆ ಬಂದದ್ದು ಈ ಕಾರಣಕ್ಕೆ.

"ಸರ, ಅವನ ಮಾತಿನಾಗ 'ಬಾ ಮಗಾ, ಉಣ್ಣು' ಅಂತ ಹ್ಯಾಂಗ ಅಂತಾರ? ತಾಯಿ ಅಂದಂಗ ಅನ್ನಬೇಕು."

"ಅವನಿಗೆ ಇಂಗ್ಲಿಷ್ ಬರುತ್ತದಲ್ಲ ಅವ್ವಾ. ಕಾರ್ಖಾನೆಯವರು ಸಮಾಧಾನ ಹೇಳಿಯೇ ಇರುತ್ತಾರೆ."

"ಹೇಳ್ಯಾರ ಬಿಡ್ರಿ. ಅದು ಡ್ಯೂಟಿ ಮಾತು. ಉಣ್ಣೋ ಮಾತು ಬ್ಯಾರೆ ಇರ್ತದ."

ಹದಿನೈದು ದಿನ ಕೊಡಿ, ಹೈದರಾಬಾದಿನ ಗ್ರಂಥಾಲಯದಲ್ಲಿ ಹಳೆಯ ಪದಪಟ್ಟಿಯೊಂದಿದೆ, ನೋಡಿ ಹೇಳುತ್ತೇನೆ ಎಂದೆ.

"ಹದಿನೈದು ದಿನಾ? ಅಲ್ಲಿ ತನಕ ಕೂಸು ಉಪಾಸ ಇರ್ತದೇನ್ರಿ?" ಎಂದವರು ಮರುಕ್ಷಣ ತಾವೇ ಮೆತ್ತಗಾದರು. "ಆಗಲಿ. ನೀವು ಕಲ್ತೋರು. ಎಡೋದಾಗೂ ಎರಡು ಮಾತು ನೋಡಿರ್ರಿ. ಇಲ್ಲಾಂದ್ರ ದೊಡ್ಡಾತ ಮುನಿಸ್ಕೋತಾನ."

ಅವರು ನನಗಾಗಿ ಕಾಯುತ್ತ ಕೂಡಲಿಲ್ಲ. ದೊಡ್ಡಾತನನ್ನು ಕೇಳಿದರು. ಅವನಿಗೂ ಯೊರೂಬಾ ಬಾರದು. ಆದರೆ ಅವನು ಹಿಂದಿ ಕಲಿಯಲು ಸೇರಿದ್ದ ಆನ್‌ಲೈನ್ ಗುಂಪೊಂದಿತ್ತು. ಹತ್ತಾರು ದೇಶಗಳ ಜನ ತಮ್ಮ ತಮ್ಮ ಮನೆಮಾತನ್ನು ಧ್ವನಿಯಲ್ಲಿ ಹೇಳಿಕೊಡುವ ಗುಂಪು. ಅವನು ಅವ್ವನ ಫೋನನ್ನೂ ಅದಕ್ಕೆ ಸೇರಿಸಿದ, ಅವ್ವ ಕನ್ನಡದಲ್ಲೇ ತಮ್ಮ ಪ್ರಶ್ನೆ ಹೇಳಿದರು. ದೊಡ್ಡಾತ, ತನಗೆ ಬಂದಷ್ಟು ಅರ್ಥವನ್ನು ಇಂಗ್ಲಿಷಿನಲ್ಲಿ ಕೆಳಗೆ ಬರೆದ. ಇಬಾದಾನ್ ಎಂಬ ಊರಿನ ನಿವೃತ್ತ ದಾದಿಯೊಬ್ಬರು ಮೊದಲು ಉತ್ತರಿಸಿದರು, ಅವರ ಹಿಂದೆ ಇನ್ನೂ ಏಳೆಂಟು ಜನ.

ಅವ್ವ ಕಲಿಯುತ್ತಿದ್ದ ಬಗೆಯನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಹಿಟ್ಟು ತಾಗದಂತೆ ಫೋನನ್ನು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿಟ್ಟು ಧ್ವನಿ ಹಚ್ಚುತ್ತಿದ್ದರು. ಯೊರೂಬಾದಲ್ಲಿ ಸ್ವರದ ಏರಿಳಿತವೇ ಪದದ ಜೀವ. ಸ್ವರ ಏರಿದಲ್ಲಿ ರೊಟ್ಟಿಯನ್ನು ಜೋರಾಗಿ, ಇಳಿದಲ್ಲಿ ಮೆಲ್ಲಗೆ ಬಡಿಯುತ್ತಿದ್ದರು. ಒಂದು ರೊಟ್ಟಿಗೆ ಒಂದು ಮಾತು. ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮಾತು ಕೈಗೆ ಬಂದಿರುತ್ತಿತ್ತು, ಕೈಯಿಂದ ಬಾಯಿಗೆ. ನೀರಿಗೆ ಯೊರೂಬಾದಲ್ಲಿ 'ಒಮಿ', ಎಡೋದಲ್ಲಿ 'ಅಮೆ'. ಬಂದವರಿಗೆ ಎಡೋದವರು 'ಒಬೊಕಿಯಾನ್' ಎಂದು ಸ್ವಾಗತ ಹೇಳುತ್ತಾರೆ. ಯೊರೂಬಾದಲ್ಲಿ ಕೆಲಸ ಮಾಡುತ್ತಿರುವವರನ್ನು ಕಂಡರೆ ಅದಕ್ಕೆಂದೇ ಒಂದು ನಮಸ್ಕಾರವಿದೆ, 'ಎ ಕು ಇಷೆ'. ಅವ್ವನಿಗೆ ಇದು ಬಹಳ ಹಿಡಿಸಿತ್ತು. "ದುಡಿಯೋರಿಗೇ ಒಂದು ಶರಣು ಇಟ್ಟಾರ ನೋಡ್ರಿ ಸರ, ಬಸವಣ್ಣನ ಮಂದಿನೇ ಅವರು!"

ಆದರೆ ಆ ವಾರ ಅವರಿಗೆ ಬೇಕಾಗಿದ್ದುದು ಎರಡೇ. 'ವಾ ಜೆಉನ್, ಒಮೊ ಮಿ' ಎಂದರೆ 'ಬಾ ಉಣ್ಣು, ನನ್ನ ಮಗುವೇ.' ಇನ್ನೊಂದು, ದಾದಿ ತಾವಾಗಿಯೇ ಸೇರಿಸಿದ್ದು: 'ಪೆಲೆ'. ಎದುರಿಗಿದ್ದವರು ಎಡವಿದಾಗ, ನೊಂದಾಗ, ತಪ್ಪು ನಮ್ಮದಲ್ಲದಿದ್ದರೂ, ಕ್ಷಮೆ ಕೇಳುವಂತೆ ಹೇಳುವ ಮಾತು.

ಈಗ ೧೬ರ ಗುರುವಾರಕ್ಕೆ ಬರಬೇಕು. ಬರೆಯಲು ಕೈ ಹಿಂಜರಿಯುತ್ತದೆ.

ನಾನು ಊಟಕ್ಕೆ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿ ಸಣ್ಣಾತ, ದೊಡ್ಡಾತ, ಅವರಾಚೆ ವಾಡಿಯ ಕಡೆಯ ಇಬ್ಬರು ಲಾರಿ ಚಾಲಕರು. ಅವ್ವ ಕೈತೊಳೆದು, ಸೆರಗು ಸರಿಪಡಿಸಿಕೊಂಡು, ಬಿಸಿ ರೊಟ್ಟಿಯೊಂದನ್ನು ಅಂಗೈ ಮೇಲಿಟ್ಟುಕೊಂಡು ಸಣ್ಣಾತನೆದುರು ಬಂದು ನಿಂತರು. ಬಾಯಿ ತೆರೆದರು. ಅಷ್ಟರಲ್ಲಿ ನಾನು ಎಂದೆ: "ತಡೀರಿ ಅವ್ವಾ. ಏನು ಹೇಳಲು ಹೊರಟಿದ್ದೀರಿ? ಯಾರು ಹೇಳಿಕೊಟ್ಟರು?"

"ಫೋನಿನಾಗ. ಇಬಾದಾನ್‌ದಾಕಿ ಒಬ್ಬಾಕಿ ನರ್ಸ್."

"ಅವರ ಹೆಸರೇನು? ನಿಜವಾಗಿ ಆ ಊರಿನವರೆಂದು ಹೇಗೆ ಗೊತ್ತು? ಬೇರೆ ಆಧಾರವೇನಾದರೂ ಇದೆಯೇ?"

ಚಾಲಕನೊಬ್ಬ ನಕ್ಕ. "ಅವ್ವಾ, ಮೊದಲ್ನೇ ಪರೀಕ್ಷಾದಾಗೇ ಫೇಲ್ ಆದಿ ನೋಡು!"

"ತಾಯಿಯನ್ನು ಕಳೆದುಕೊಂಡವನು. ಮಾತು ತಪ್ಪಾದರೆ ಅವನಿಗೆ ಇನ್ನಷ್ಟು ನೋವು. ನಾನು ನೋಡಿ ಹೇಳುವವರೆಗೆ ಹೇಳಬೇಡಿ" ಎಂದೆ. ಈ ವಾಕ್ಯ ದಿನಚರಿಯಲ್ಲಿದೆ. ನಾನೇ ಬರೆದಿಟ್ಟಿದ್ದೇನೆ, ಸ್ವಲ್ಪ ಹೆಮ್ಮೆಯಿಂದಲೇ. ಸೇವೆಯ ಆರಂಭದಲ್ಲಿ ನನ್ನ ಲೇಖನವೊಂದರಲ್ಲಿ ಇಸವಿ ತಪ್ಪಿ, ತುಂಬಿದ ಸಭೆಯಲ್ಲಿ ನಗೆಗೀಡಾಗಿದ್ದೆ. ಅಂದಿನಿಂದ ಎರಡನೆಯ ಆಧಾರ ಸಿಗದೆ ಒಂದು ಪದವನ್ನೂ ಬರೆದವನಲ್ಲ. ಬರೆಯುವವನಿಗೆ ಅದು ಶಿಸ್ತು. ಅದನ್ನು ಅಂದು ಒಬ್ಬ ಹೆಂಗಸಿನ ಬಾಯಿಗೆ ಬೀಗವಾಗಿ ಹಾಕಿದೆ.

ಅವ್ವ ರೊಟ್ಟಿಯನ್ನು ತಾಟಿನಲ್ಲಿಟ್ಟು ಒಲೆಯ ಕಡೆಗೆ ಹೋದರು. ಸಣ್ಣಾತನಿಗೆ ನಮ್ಮ ಮಾತು ತಿಳಿದಿರಲಾರದು. ಆದರೆ ತನಗೆ ಏನೋ ಹೇಳಲು ಬಂದವರು ಹೇಳದೆ ಹೋದರೆಂಬುದು ತಿಳಿದಿರಬೇಕು. ಅವ್ವನ ಬೆನ್ನನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದ. ಚಹಾವನ್ನೂ ಕುಡಿಯದೆ ಎದ್ದ.

೧೭ರಂದು ನಾನು ಹೈದರಾಬಾದಿಗೆ ಹೊರಟೆ. ೧೮, ಶನಿವಾರ, ಮಹಾಶಿವರಾತ್ರಿ. ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಅಂದು ಊರೇ ಉಪವಾಸ. ಏನೂ ಒಲ್ಲೆನೆಂದು ಕೈಮುಗಿದ ಸಣ್ಣಾತನನ್ನು ಕಂಡು ಕಾರ್ಖಾನೆಯ ಜೊತೆಗಾರರು, "ಭಲೇ, ಪರದೇಶದವ ಶಿವರಾತ್ರಿ ಹಿಡದಾನ!" ಎಂದು ಬೆನ್ನು ತಟ್ಟಿದರಂತೆ, ಹಣೆಗೆ ವಿಭೂತಿ ಹಚ್ಚಿದರಂತೆ. ಹಸಿದವನನ್ನು ಹೊಗಳಿ ಇನ್ನೊಂದು ದಿನ ಹಸಿದಿರಗೊಟ್ಟರು. ನಮ್ಮ ಊರಿನವರು ಮಾತ್ರ ಮಾಡಬಲ್ಲ ತಪ್ಪು ಅದು, ಪ್ರೀತಿಯಿಂದ ಮಾಡಿದ್ದು. ನನ್ನದಕ್ಕೆ ಆ ರಿಯಾಯಿತಿ ಇಲ್ಲ.

೨೦, ಸೋಮವಾರ, ಕೆಲಸದ ಜಾಗದಲ್ಲೇ ಅವನು ಕುಸಿದುಬಿದ್ದ. ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಿದರು. ೨೧ರ ಬೆಳಿಗ್ಗೆ ಅವ್ವ ಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿ ಮುದ್ದೆ ಮಾಡಿ, ಡಬ್ಬಿಯಲ್ಲಿ ಕಟ್ಟಿಕೊಂಡು ಹೋದರು. ಅಲ್ಲಿ ನಡೆದುದನ್ನು ದೊಡ್ಡಾತ ನನಗೆ ಎರಡು ಸಲ ಹೇಳಿದ್ದಾನೆ, ಎರಡೂ ಸಲ ಒಂದೇ ರೀತಿ. ಅವ್ವ ಮಂಚದ ಅಂಚಿನಲ್ಲಿ ಕುಳಿತರು. ಆಮೇಲೆ ಅವನ ಮೊಣಕಾಲಿನ ಮೇಲೆ ರೊಟ್ಟಿ ಬಡಿಯುವಂತೆ, ಒಮ್ಮೆ ಗಟ್ಟಿಯಾಗಿ ಒಮ್ಮೆ ಮೆಲ್ಲಗೆ ಬಡಿಯುತ್ತ, "ಪೆಲೆ" ಎಂದರು. "ವಾ ಜೆಉನ್, ಒಮೊ ಮಿ." ಅವನು ಮುಖ ಮುಚ್ಚಿಕೊಂಡು ಅತ್ತ. ತಾಯಿ ಸತ್ತ ಸುದ್ದಿ ಬಂದ ಮೇಲೆ ಅತ್ತದ್ದು ಅದೇ ಮೊದಲಂತೆ. ಅತ್ತು ಮುಗಿಸಿ, ಕೈಯಿಂದ ಮುದ್ದೆ ಮುರಿದು ಉಂಡ. ಅವ್ವ ಕನ್ನಡದಲ್ಲಿ ಬಯ್ಯುತ್ತ ಕುಳಿತಿದ್ದರಂತೆ: "ತಿನ್ನು ಹಂಗ. ಕಾಲು ನೋಡು, ಹಂಚಿಕಡ್ಡಿ ಆಗ್ಯಾವ."

೨೨ರಂದು ಹೈದರಾಬಾದಿನಿಂದ ನಾನು ತಂದ ಪದಪಟ್ಟಿಯ ನೆರಳಚ್ಚಿನಲ್ಲಿ ಆ ಮಾತುಗಳಿದ್ದವು. ದಾದಿ ಹೇಳಿದಂತೆಯೇ ಇದ್ದವು. ಅವ್ವ ಅದನ್ನು ತಿರುವಿ ನೋಡಿ, "ಭಾಳ ದೂರ ಹೋಗಿ ಬಂದೀರಿ ಸರ, ಕುಂದ್ರಿ, ಉಣ್ರಿ" ಎಂದರು. ಅಷ್ಟೇ. ಆಮೇಲಿನ ವರ್ಷ ಹೊಸ ಸೊಪ್ಪಿನ ಪಲ್ಯ ಮಾಡಿದಾಗೊಮ್ಮೆ, ಮಳೆ ಬಂದೀತೇ ಎಂಬ ಮಾತು ಬಂದಾಗೊಮ್ಮೆ, "ತಡೀರಿ, ಸರ್ ಪುಸ್ತಕ ನೋಡಿ ಹೇಳ್ತಾರ" ಎಂದು ಎಲ್ಲರೆದುರು ಚುಡಾಯಿಸುತ್ತಿದ್ದರು. ಸಣ್ಣಾತ ತರಬೇತಿ ಮುಗಿಯುವವರೆಗೂ ದಿನಾಲು ಒಲೆಯ ಬಳಿಗೆ ಹೋಗಿ, ಬಾಗಿ ನೆಲ ಮುಟ್ಟಿ, "ಎ ಕು ಇಷೆ" ಎಂದೇ ಊಟಕ್ಕೆ ಕೂಡುತ್ತಿದ್ದ. ಒಮ್ಮೆ ಖಾನಾವಳಿಯ ಹೊಸ್ತಿಲಿನ ಶಹಾಬಾದ್ ಕಲ್ಲಿಗೆ ನಾನು ಎಡವಿದೆ. ಒಳಗಿನಿಂದಲೇ ಅವ್ವ "ಪೆಲೆ, ಸರ!" ಎಂದರು. ಹೇಳಬೇಕಾದವನು ನಾನಾಗಿದ್ದೆ. ಹೇಳಲಿಲ್ಲ.

ಅವರು ತೀರಿಕೊಂಡದ್ದು ೨೦೨೪ರ ನವೆಂಬರಿನಲ್ಲಿ, ಮೂರು ದಿನದ ಜ್ವರಕ್ಕೆ. ಹನ್ನೊಂದನೆಯ ದಿನ ಖಾನಾವಳಿಯಲ್ಲೇ ಜನ ಸೇರಿದ್ದರು, ನನ್ನನ್ನು ಮಾತಾಡಲು ಕರೆದರು. ಈ ಕತೆಯನ್ನೇ, ನನಗೆ ನೆನಪಿದ್ದಂತೆ, ಹೇಳಿದೆ. ಅವಸರ ಬೇಡವೆಂದು ನಾನು ತಡೆದದ್ದು. ಶಿವರಾತ್ರಿಯ ಮರುದಿನ, ೧೯ರ ಸಂಜೆ, ಮಾತನ್ನು ಖಚಿತಪಡಿಸಿಕೊಂಡು ಅವರ ಬಾಗಿಲಿಗೆ ಹೋಗಿ, "ಹೇಳ್ರಿ ಅವ್ವಾ, ಸರಿ ಅದ" ಎಂದದ್ದು. ಅವರು ಸೆರಗಿಗೆ ಕೈ ಒರೆಸಿಕೊಂಡು ನಕ್ಕದ್ದು. ಸುಳ್ಳು ಹೇಳುತ್ತಿದ್ದೇನೆಂಬ ಅರಿವು ನನಗಿರಲಿಲ್ಲ. ಆ ನಗು, ಒಲೆಯ ಹೊಗೆ, ಬಾಗಿಲಿನ ಹಸಿರು ಬಣ್ಣ, ಎಲ್ಲವೂ ಇಂದಿಗೂ ನನ್ನ ಕಣ್ಣಮುಂದಿವೆ.

ಮೊನ್ನೆ ಅವರ ಮಗಳು ಅವ್ವನ ಫೋನನ್ನು ನನ್ನ ಕೈಗಿತ್ತು, "ಅವ್ವನ ಬಗ್ಗೆ ನಾಲ್ಕು ಮಾತು ಬರೀರಿ ಸರ, ತಾರೀಖು ಸರಿ ಇರ್ಲಿ" ಎಂದಳು. ಆ ಗುಂಪಿನ ಸಂದೇಶಗಳು ಹಾಗೆಯೇ ಇವೆ. ೧೭ರಂದು ಅವ್ವನ ದನಿ: "ನಮ್ಮ ಸರ್ ಪುಸ್ತಕ ನೋಡ್ಲಿಕ್ಕ ಹೋಗ್ಯಾರ. ಅವರು ಹೂಂ ಅಂದ ಮ್ಯಾಲ ಹೇಳ್ತೀನಿ. ದೊಡ್ಡೋರ ಮಾತು ಮೀರಬಾರದು." ದೊಡ್ಡಾತನ ಇಂಗ್ಲಿಷಿಗೆ ದಾದಿ ಕೊಟ್ಟ ಉತ್ತರ: ಕಾಯಬೇಡಿ, ತಪ್ಪಾಗಿ ಹೇಳಿದರೂ ಹೇಳಿ, ದುಃಖದಲ್ಲಿರುವವರ ಕಿವಿ ತಪ್ಪು ಹುಡುಕುವುದಿಲ್ಲ. ೧೮ರಂದು ಮತ್ತೆ ಅವ್ವ: "ಸರ್ ಇನ್ನಾ ಬಂದಿಲ್ಲ." ೨೦ರ ಸಂಜೆ: "ಸರ್ ಇನ್ನಾ ಬಂದಿಲ್ಲ. ಹುಡುಗ ಬಿದ್ದಾನ. ಇನ್ನ ನಾ ಕೇಳಂಗಿಲ್ಲ."

ನನ್ನ ದಿನಚರಿಯಲ್ಲಿ ೧೯ರ ಪುಟವನ್ನು ತೆರೆದೆ. ಅಕ್ಷರ ನನ್ನದೇ. 'ಹೈದರಾಬಾದು. ಭಾನುವಾರ, ಗ್ರಂಥಾಲಯ ಮುಚ್ಚಿದೆ. ಕೋಣೆಯಲ್ಲೇ ವಿಶ್ರಾಂತಿ.'