ಹಿರಿಯರ ಹೆಸರು ತೆಗೆಸಿದ ಪಾಲಿಸಿ

2024ರ ಡಿಸೆಂಬರ್. ಆಗ ನಾನು ಹುಮನಾಬಾದಿನಲ್ಲಿ ಆರೋಗ್ಯ ವಿಮೆಯ ಏಜೆಂಟನಾಗಿದ್ದೆ. ಬಸವಕಲ್ಯಾಣದಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟಿದ್ದ ಶಿವರಾಜನಿಗೆ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಮಾಡಿಸಿಕೊಟ್ಟವನು ನಾನೇ. ಫ್ಲೋಟರ್ ಎಂದರೆ ಮನೆಮಂದಿಗೆಲ್ಲ ಒಂದೇ ವಿಮೆ. ಆದರೆ ಪ್ರೀಮಿಯಂ ನಿಗದಿಯಾಗುವುದು ಅವರಲ್ಲಿ ಅತಿ ಹಿರಿಯರ ವಯಸ್ಸಿನ ಮೇಲೆ. ಆ ಮನೆಯಲ್ಲಿ ಹಿರಿಯರೆಂದರೆ ಶಿವರಾಜನ ತಾಯಿ ಗಂಗಮ್ಮ. ವಯಸ್ಸು ಎಪ್ಪತ್ತರ ಹತ್ತಿರ, ಜೊತೆಗೆ ಸಕ್ಕರೆ ಕಾಯಿಲೆ. ಶಿವರಾಜನ ಮಗಳು ಪಲ್ಲವಿಗೆ ಉಬ್ಬಸ. ಚಳಿಗಾಲ ಬಂತೆಂದರೆ ಆಸ್ಪತ್ರೆ ತಪ್ಪುತ್ತಿರಲಿಲ್ಲ.

ಆ ವರ್ಷ ಕಂಪನಿ ಪ್ರೀಮಿಯಂ ಅನ್ನು ಒಮ್ಮೆಲೇ ಒಂದೂವರೆ ಪಟ್ಟು ಮಾಡಿತು. ಹಿರಿಯ ನಾಗರಿಕರಿಗೆ ಇಷ್ಟಕ್ಕಿಂತ ಹೆಚ್ಚು ಏರಿಸಬಾರದೆಂಬ ಮಿತಿ ಆಗ ಇರಲಿಲ್ಲ. ಕಂಪನಿಯವರೊಡನೆ ಫೋನಿನಲ್ಲಿ ಜಗಳವಾಡಿದೆ. "ಸಿಸ್ಟಮ್ ಅಷ್ಟೇ ತೋರಿಸುತ್ತದೆ ಸರ್" ಎಂದರು. ಸಿಸ್ಟಮ್ಮಿಗೇನು, ಅದಕ್ಕೆ ಅವ್ವನೇ ಅಪ್ಪನೇ?

ಮರುವಾರ ತಾಯಿ ಮಗ ಇಬ್ಬರೂ ಬಸ್ಸು ಹತ್ತಿ ನನ್ನ ಕಚೇರಿಗೆ ಬಂದರು. ಗಂಗಮ್ಮ ಕೂರುವ ಮೊದಲೇ ಕೇಳಿದರು: "ಹಿರಿಯರ ವಯಸ್ಸಿನ ಮ್ಯಾಲ ಹಿಸಾಬ ಅಂತೀರಲ್ರಿ, ಹಂಗಾದ್ರ ಹಿರಿದಾಕಿ ಹೆಸರೇ ತೆಗೀರಿ. ನಮ್ಮ ಪಲ್ಲವಿದು ಉಳೀಲಿ."

ಬೇಡವೆಂದೆ. ಒಮ್ಮೆ ಹೊರಗೆ ಹೋದರೆ ಈ ವಯಸ್ಸಿನಲ್ಲಿ ಒಳಗೆ ಬರುವುದು ಕಷ್ಟ ಎಂದು ಬಿಡಿಸಿ ಹೇಳಿದೆ. ಶಿವರಾಜ ತಲೆ ತಗ್ಗಿಸಿದ. "ನಿನ್ನಿಯಿಂದ ಊಟ ಬಿಟ್ಟು ಕೂತಾಳ್ರಿ. ಸಹಿ ಮಾಡೋತನ ಉಣ್ಣಲ್ಲ ಅಂತಾಳ." ಅವನು ಸಹಿ ಮಾಡಿದ. ಗಂಗಮ್ಮ ಹಗುರಾಗಿ ನಕ್ಕು, ಮಗನ ಜೊತೆ ಎದುರಿನ ಹೋಟೆಲಿಗೆ ಹೋಗಿ ಉಪ್ಪಿಟ್ಟು ತಿಂದರು.

ಜನವರಿ ಮುಗಿಯುವಷ್ಟರಲ್ಲಿ ವಿಮಾ ನಿಯಂತ್ರಕರ ಆದೇಶ ಬಂತು. ಅರವತ್ತು ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ನಿಯಂತ್ರಕರನ್ನು ಕೇಳಬೇಕು. ನಮಗೆ ಅದು ಒಂದು ತಿಂಗಳು ತಡವಾಗಿ ಬಂದಿತ್ತು. ಗಂಗಮ್ಮನವರ ಹೆಸರಿನಲ್ಲಿ ಹೊಸ ಅರ್ಜಿ ಹಾಕಿದೆ. ಸಕ್ಕರೆ ಕಾಯಿಲೆ ನೋಡಿ ಕಂಪನಿ ತಿರಸ್ಕರಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಉಳಿದ ಮೂವರ, ಅಂದರೆ ಶಿವರಾಜ, ಅವನ ಹೆಂಡತಿ, ಮಗಳ ಪ್ರೀಮಿಯಂ ಮತ್ತೆ ಜೋರಾಗಿ ಏರಿತು. ಅವರಲ್ಲಿ ಅರವತ್ತು ದಾಟಿದವರು ಯಾರೂ ಇಲ್ಲ, ಹಾಗಾಗಿ ಮಿತಿಯೂ ಇಲ್ಲ. ಗಂಗಮ್ಮ ಪಾಲಿಸಿಯಲ್ಲಿ ಉಳಿದಿದ್ದರೆ ಶೇಕಡ ಹತ್ತರ ಆ ಮಿತಿ ಇಡೀ ಪಾಲಿಸಿಗೆ ಸಿಗುತ್ತಿತ್ತು; ಅವರ ವಯಸ್ಸೇ ಇಡೀ ಮನೆಯನ್ನು ಕಾಯುತ್ತಿತ್ತು.

ಇದನ್ನು ಹೇಳಲು ಬಸವಕಲ್ಯಾಣಕ್ಕೆ ಹೋದೆ. ಶಿವರಾಜ ಅಂಗಡಿಯಲ್ಲೇ ಕೈಹಿಡಿದು ನಿಲ್ಲಿಸಿದ. "ಹ್ಯಾಂಗರ ಮಾಡಿ ಕಟ್ಟತೀನ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ."

ನಿಯಮ ತಡವಾದರೆ ಮನೆಯಲ್ಲಿ ಮೊದಲು ಎದ್ದು ಹೊರಗೆ ಹೋಗುವವರು ಹಿರಿಯರು. ಅವರಿಗಾಗಿಯೇ ನಿಯಮ ಬಂದಾಗ ಅವರೇ ಅಲ್ಲಿರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದನ್ನು. ಕಲಿತು ಸಂತೋಷವೇನೂ ಆಗಲಿಲ್ಲ.

ಮನೆಯಲ್ಲಿ ಗಂಗಮ್ಮ ಚಹಾ ತಂದಿಟ್ಟು ಕೇಳಿದರು: "ನಾ ಹೊರಗ ಬಂದಿದ್ದು ಪಲ್ಲವಿಗಿ ಫಾಯದಾ ಆಯ್ತಲ್ರಿ?"

"ಆಯ್ತ್ರಿ ಅಮ್ಮ" ಎಂದೆ.