ನಲವತ್ತೊಂದು ಕೆಂಪು ಗುರುತುಗಳು

ಫಿನ್ಲೆಂಡಿನ ಕಾಡಿನಿಂದ ನಾನು ಬೆಂಗಳೂರಿಗೆ ಮರಳಿದ್ದು ೧೯೭೮ರ ಸೆಪ್ಟೆಂಬರಿನಲ್ಲಿ. ನನ್ನ ದಿನಚರಿ ಅಕ್ಟೋಬರ್ ಎನ್ನುತ್ತದೆ. ಆದರೆ ಆ ಪುಟಗಳನ್ನೆಲ್ಲ ಊರಿಗೆ ಬಂದ ಮೇಲೆ ಒಂದೇ ಬಾರಿಗೆ ಕುಳಿತು ಬರೆದಿರುವುದು ಶಾಯಿಯನ್ನು ನೋಡಿದರೇ ತಿಳಿಯುತ್ತದೆ. ಆದ್ದರಿಂದ ಪಾಸ್‌ಪೋರ್ಟಿನ ಮುದ್ರೆಯನ್ನೇ ನಂಬುತ್ತೇನೆ. ತಾರೀಕಿನ ವಿಷಯದಲ್ಲಿ ಹೀಗೆ ತಲೆ ಕೆಡಿಸಿಕೊಳ್ಳುವ ಸ್ವಭಾವವೇ ಮುಂದಿನ ಅನರ್ಥಕ್ಕೆ ಅರ್ಧ ಕಾರಣವಾಯಿತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಧಾರವಾಡದ ಕಡೆಯವನಾದ ನಾನು ಆಗ ಹೆಬ್ಬಾಳದ ಒಂದು ಸಂಶೋಧನಾಲಯದಲ್ಲಿ ಮಣ್ಣಿನ ವಿಭಾಗದಲ್ಲಿದ್ದೆ, ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ಜೌಗು ಮಣ್ಣಿನ ಅಧ್ಯಯನಕ್ಕೆಂದು ಮೂರು ತಿಂಗಳು ಫಿನ್ಲೆಂಡಿಗೆ ಕಳುಹಿಸಿದ್ದರು. ಅಲ್ಲಿ ಭಾನುವಾರ ಬಂದರೆ ಪ್ರಯೋಗಾಲಯಕ್ಕೆ ಬೀಗ, ಮಾತನಾಡಲು ಜನವಿಲ್ಲ, ನಡುಬೇಸಿಗೆಯಲ್ಲಿ ಹೊತ್ತು ಮುಳುಗುವುದಂತೂ ಇಲ್ಲವೇ ಇಲ್ಲ. ಬೇರೆ ದಾರಿ ಕಾಣದೆ ಕಾಡಿನ ಕಾಲುದಾರಿ ಹಿಡಿದೆ. ಸ್ಪ್ರೂಸ್ ಮರಗಳ ಕತ್ತಲು ಮುಗಿದರೆ ಬಿಳಿ ತೊಗಟೆಯ ಬರ್ಚ್ ಮರಗಳು, ಅವು ಮುಗಿದರೆ ಒಂದು ಕೆರೆ, ಕೆರೆಯ ಅಂಚು ಸುತ್ತಿ ದಿಬ್ಬ ಹತ್ತಿದರೆ ಇನ್ನೊಂದು ಕೆರೆ. ನೀರು ಡಿಕಾಕ್ಷನ್ನಿನ ಬಣ್ಣದ್ದು, ಆದರೆ ತಿಳಿ. ಜೌಗು ಬಂದಲ್ಲಿ ಎರಡೆರಡು ಹಲಗೆಗಳನ್ನು ಜೋಡಿಸಿ ಉದ್ದಕ್ಕೂ ಹಾಸಿದ್ದರು. ಕಾಲು ಜಾರಿದರೆ ಮೊಣಕಾಲಿನವರೆಗೆ ಕಪ್ಪು ರಾಡಿ. ಸೊಳ್ಳೆಗಳ ವಿಷಯ ಬರೆಯದಿರುವುದೇ ಮೇಲು. ಹೆಬ್ಬಾಳದ ಸೊಳ್ಳೆಗಳು ಅವುಗಳ ಮುಂದೆ ಸಾಧುಗಳು.

ನನ್ನನ್ನು ಬೆರಗುಗೊಳಿಸಿದ್ದು ದಾರಿಯ ಗುರುತು. ಮರದ ಕಾಂಡದ ಮೇಲೆ, ಕಣ್ಣಿನ ಮಟ್ಟಕ್ಕೆ, ಅಂಗೈಯಗಲದ ಕಿತ್ತಳೆ ಬಣ್ಣ. ಒಂದು ಗುರುತಿನ ಬಳಿ ನಿಂತರೆ ಮುಂದಿನದು ಕಾಣಿಸಬೇಕು, ಕಾಣದಿದ್ದರೆ ಹಿಂದಿರುಗಬೇಕು. ಅಷ್ಟೇ ನಿಯಮ. ದಿನವಿಡೀ ನಡೆದರೂ ಯಾರನ್ನೂ ಕೇಳಬೇಕಾಗಿರಲಿಲ್ಲ, ನನ್ನನ್ನೂ ಯಾರೂ ಎಲ್ಲಿಗೆಂದು ಕೇಳಲಿಲ್ಲ.

ಮರಳಿ ಬಂದ ಮೇಲೆ ಭಾನುವಾರದ ನಡಿಗೆ ಬಿಡಲಾಗಲಿಲ್ಲ. ನಮ್ಮ ಕಡೆಯೂ ಕೆರೆಗೇನು ಕೊರತೆಯಿರಲಿಲ್ಲ. ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬನನ್ನು ಜೊತೆಗೆ ಎಳೆದುಕೊಂಡೆ; ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು, ಸ್ಥೂಲಕಾಯ, ತಿಂಡಿಯ ಆಸೆಗೆ ಬರುತ್ತಿದ್ದ. ಕೊಡಿಗೇಹಳ್ಳಿಯಿಂದ ಹೊರಟು, ದೊಡ್ಡಬೊಮ್ಮಸಂದ್ರದ ಕೆರೆ ಬಳಸಿ, ಸಿಂಗಾಪುರವೆಂಬ ಹಳ್ಳಿಯ ಕೆರೆ ಏರಿಯ ಮೇಲೆ ನಡೆದು, ಕಾವಲಿನ ನೀಲಗಿರಿ ತೋಪು ಸೇರುವುದು ನಮ್ಮ ಯೋಜನೆ. ಆದರೆ ಒಮ್ಮೆಯೂ ನೇರವಾಗಿ ತಲುಪಲಿಲ್ಲ. ದಾರಿ ಕೇಳಿದರೆ ಒಬ್ಬ ಎಡಕ್ಕೆ ಎನ್ನುವನು, ಇನ್ನೊಬ್ಬ ಬಲಕ್ಕೆ, ಮೂರನೆಯವನು "ಅಲ್ಲಿಗ್ಯಾಕ್ ಓಗ್ತೀರಾ?" ಎಂದು ನಮ್ಮನ್ನೇ ವಿಚಾರಣೆಗೆ ನಿಲ್ಲಿಸುವನು. ನಾಲ್ಕನೆಯ ಭಾನುವಾರ ಯಾರದೋ ರಾಗಿ ಕಣದ ನಡುವೆ ನಿಂತು ಬೈಸಿಕೊಂಡ ಮೇಲೆ ನಿರ್ಧರಿಸಿದೆ: ದಾರಿಗೆ ಗುರುತು ಹಾಕಬೇಕು.

ಕಿತ್ತಳೆ ಬಣ್ಣ ಯಶವಂತಪುರದ ಅಂಗಡಿಯಲ್ಲಿ ಸಿಗಲಿಲ್ಲ. ಕೆಂಪು ಎಣ್ಣೆಬಣ್ಣ ತಂದೆವು. ನೀಲಗಿರಿಯ ತೊಗಟೆ ಸುಲಿದು ಬೀಳುವುದರಿಂದ ಮರದ ಬದಲು ಕಲ್ಲುಗಳನ್ನು ಆರಿಸಿದೆವು. ಏರಿಯ ಕಲ್ಲು, ಬದುವಿನ ಕಲ್ಲು, ಹೊಲಗಳ ನಡುವಿನ ಎಲ್ಲೆಕಲ್ಲು. ನನ್ನ ಒತ್ತಾಯದ ಮೇರೆಗೆ ಪ್ರತಿ ಗುರುತಿನ ಕೆಳಗೂ ಕ್ರಮಸಂಖ್ಯೆ, ಅದರ ಕೆಳಗೆ ತಾರೀಕು.

"ತಾರೀಕ್ ಯಾಕ್ ಸಾರ್? ಕಲ್ಲೇನ್ ಹುಟ್ಟಿದಹಬ್ಬ ಮಾಡ್ಕೊಳ್ಳುತ್ತಾ?" ಎಂದು ಸಹೋದ್ಯೋಗಿ ಗೊಣಗಿದ. ಬಣ್ಣ ಎಷ್ಟು ಕಾಲ ನಿಲ್ಲುತ್ತದೆಂದು ಮುಂದೆ ಪರಿಶೀಲಿಸಬೇಡವೇ ಎಂದೆ. ಎರಡು ಭಾನುವಾರಗಳಲ್ಲಿ ನಲವತ್ತೊಂದು ಗುರುತುಗಳಾದವು.

ಮೂರನೆಯ ವಾರ, ಸೋಮವಾರ ಬೆಳಿಗ್ಗೆ, ಕಚೇರಿಯ ಗೇಟಿನ ಬಳಿ ವಯಸ್ಸಾದ ರೈತರೊಬ್ಬರು, ನಾವು ದಾರಿ ಕೇಳಿದವರಿಂದ ವಿಳಾಸ ತಿಳಿದು, ನನಗಾಗಿ ಕಾದು ನಿಂತಿದ್ದರು. ಸಿಂಗಾಪುರದವರು.

"ನೀವೇನಾ ಸಾಮಿ, ನಮ್ಮ ಕಲ್ಲಿಗೆ ಬಣ್ಣ ಬಳ್ದೋರು?"

ಹೌದೆಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನಮ್ಮುಡ್ಗಿಗೆ ಬಾಗಲಗುಂಟೆ ಸಂಬಂಧ ಗೊತ್ತಾಗಿತ್ತು. ಬರೋ ಸುಕ್ರವಾರ ಲಗ್ನ ಬರ್ಸೋದು. ನೆನ್ನೆ ಬೀಗ್ರು ತೋಟ ನೋಡಾಕ್ ಬಂದ್ರು. ನಮ್ಮ ನಾಕೂ ಕಲ್ಲಿನ್ ಮ್ಯಾಲೆ ಕೆಂಪು ನೋಡಿದ್ದೇ ತಡ, ತಂದಿಟ್ಟ ಕಾಫಿ ಅಂಗೇ ಬಿಟ್ಟೆದ್ರು. ಜಮೀನ್ ಓಗೋದ್ ಮುಚ್ಚಿಟ್ಟು ಎಣ್ ಕೊಡಾಕ್ ಬಂದಿದ್ದೀಯಾ ಅಂದ್ಬುಟ್ರು ಸಾಮಿ. ನನ್ನ! ಊರ್ ಮುಂದೆ!"

ಆಗ ನನಗೆ ಹೊಳೆಯಿತು. ನಗರ ಉತ್ತರದ ಕಡೆಗೆ ಬೆಳೆಯುತ್ತಿದ್ದ ದಿನಗಳವು. ಬಡಾವಣೆಗಾಗಿ ಜಮೀನು ಹೋಗುವ ಸುದ್ದಿ ಕಾಗದದ ಮೂಲಕ ಬರುವುದಕ್ಕಿಂತ ಮೊದಲು ಕಲ್ಲಿನ ಮೇಲೆ ಬರುತ್ತಿತ್ತು: ಸರ್ವೆಯವರು ಬಳಿದ ಕೆಂಪು ಬಣ್ಣ, ಕೆಳಗೊಂದು ಸಂಖ್ಯೆ. ನಾವು ಅದಕ್ಕೆ ತಾರೀಕನ್ನೂ ಸೇರಿಸಿ ಸಂಪೂರ್ಣಗೊಳಿಸಿದ್ದೆವು.

ಅಂದು ಸಂಜೆಯೇ ಹುಡುಗಿಯ ತಂದೆ, ಸಹೋದ್ಯೋಗಿ ಮತ್ತು ನಾನು ಬಾಗಲಗುಂಟೆಗೆ ಹೋದೆವು. ವರನ ತಂದೆ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು, ಮರ್ಯಾದೆಗೇನೂ ಕಡಿಮೆಯಿರಲಿಲ್ಲ.

"ಅದು ಸರ್ವೆ ಅಲ್ರೀ ಯಜಮಾನ್ರ," ಎಂದೆ. "ನಾವು ಅಡ್ಡಾಡಾಕ ಮಾಡಿದ ಹಾದಿ."

"ಅಡ್ಡಾಡಾಕೆ ಅಂದ್ರೆ? ಏನ್ ಕೆಲ್ಸುಕ್ಕೆ?"

"ಕೆಲಸಕ್ಕಲ್ರೀ. ಸುಮ್ಮನ."

"ಸುಮ್ಕೆ ಯಾರ್ ನಡೀತಾರೆ ಸಾಮಿ? ದನ ತಪ್ಪುಸ್ಕೊಂಡ್ರೆ ನಡೀಬೇಕು, ಬಸ್ಸು ತಪ್ಪೋದ್ರೆ ನಡೀಬೇಕು."

"ಆರೋಗ್ಯಕ್ಕೆ ಒಳ್ಳೇದು ಯಜಮಾನ್ರೇ," ಎಂದು ಸಹೋದ್ಯೋಗಿ ನೆರವಿಗೆ ಬಂದ.

ಅವರು ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ನಿಮ್ಮೊಟ್ಟೆ ನೋಡಿದ್ರೆ ಅಂಗನ್ಸಾಕಿಲ್ವಲ್ಲಪ್ಪಾ." ಆಮೇಲೆ ನನ್ನ ಕಡೆ ತಿರುಗಿ, "ಆಯ್ತು, ಬಣ್ಣ ಬಳ್ದ್ರಿ. ನಂಬರ್ ಯಾಕೆ? ತಾರೀಕ್ ಯಾಕೆ?"

"ದಾಖಲೆಗಂತ," ಎಂದುಬಿಟ್ಟೆ.

"ಕೇಳ್ಸ್ಕೊಂಡ್ಯಾ?" ಎಂದು ಅವರು ಹುಡುಗಿಯ ತಂದೆಯತ್ತ ಬೆರಳು ತೋರಿಸಿದರು. "ದಾಖಲೆ! ಅವ್ರ ಬಾಯಲ್ಲೇ ಬಂತು. ಮಾತ್ ನೋಡು, ನಮ್ ಸೀಮೇದಲ್ಲ. ಇಂಥ ಕೆಲ್ಸುಕ್ಕೆ ದೂರ್ದೋರ್ನೇ ಕಳ್ಸೋದು. ನಮ್ಮೋರಾದ್ರೆ ಮಕ ನೋಡಿ ಬುಟ್ಬುಡ್ತಾರೆ ಅಂತ."

ಸಂಶೋಧನಾಲಯದ ಗುರುತಿನ ಚೀಟಿ ತೋರಿಸಿದೆ. ಅದರ ಮೇಲೆ ಮಣ್ಣಿನ ವಿಭಾಗ ಎಂದಿತ್ತು. "ಮಣ್ಣಿಗೇ ಬಂದಿರೋದು," ಎಂದರು. ಕೊನೆಯ ಅಸ್ತ್ರವೆಂದು ಫಿನ್ಲೆಂಡಿನ ಬಣ್ಣದ ಫೋಟೋಗಳನ್ನು ಹೊರತೆಗೆದೆ. ಕಾಡು, ಕೆರೆ, ಹಲಗೆಯ ದಾರಿ, ಕಾಂಡದ ಮೇಲಿನ ಕಿತ್ತಳೆ ಗುರುತು. ಇದನ್ನೇ ನೋಡಿ ಕಲಿತದ್ದು, ಅಲ್ಲಿ ಜನ ಇದನ್ನು ಅನುಸರಿಸಿ ನಡೆಯುತ್ತಾರೆ ಎಂದು ವಿವರಿಸಿದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಅಲ್ಲೂ ಬಳ್ದವ್ರಾ! ಪಾಪ, ಎಂಥಾ ಕೆರೆ. ಅದೂ ಓಯ್ತು ಅನ್ನಿ."

ವಾಪಸು ಬರುವಾಗ ಸಹೋದ್ಯೋಗಿ, "ಸಾರ್, ಇನ್ನು ನೀವು ಬಾಯಿ ಬಿಡ್ಬೇಡಿ. ನೀವು ಮಾತಾಡ್ದಷ್ಟೂ ಆ ಹುಡುಗಿ ಮದುವೆ ದೂರ ಹೋಗ್ತಿದೆ," ಎಂದ. ಗುರುತುಗಳನ್ನೆಲ್ಲ ಅಳಿಸಿಬಿಡುತ್ತೇನೆ, ಬೀಗರನ್ನು ಕರೆತಂದು ನಿಲ್ಲಿಸಿ ಎಂದು ಹುಡುಗಿಯ ತಂದೆಗೆ ಹೇಳಿದೆ.

ಬುಧವಾರ ರಜೆ ಹಾಕಿ, ತಂತಿಯ ಬ್ರಷ್ಷು, ಸೀಮೆಎಣ್ಣೆ, ಉಳಿ, ಸುತ್ತಿಗೆ ಹಿಡಿದು ಸಹೋದ್ಯೋಗಿಯೊಡನೆ ಹೋದೆ. ವರನ ತಂದೆ ಆಗಲೇ ಏರಿಯ ಮೇಲೆ ಕೊಡೆ ಬಿಚ್ಚಿ ಕುಳಿತಿದ್ದರು. ಬಣ್ಣ ಎಷ್ಟು ಕಾಲ ನಿಲ್ಲುತ್ತದೆಂಬ ನನ್ನ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು: ಅದು ಹೋಗುವುದಿಲ್ಲ. ಸೀಮೆಎಣ್ಣೆ ಸುರಿದು ಉಜ್ಜಿದರೆ ಕೆಂಪು ಹರಡಿ ಕಲ್ಲೆಲ್ಲ ಗುಲಾಬಿಯಾಗುತ್ತಿತ್ತು. ಉಳಿಯಿಂದ ಕೆತ್ತಿಯೇ ತೆಗೆಯಬೇಕು. ನೆಲದ ಮೇಲೆ ಕಾಲು ಮಡಿಚಿ ಕುಳಿತು ಕೆತ್ತತೊಡಗಿದೆ. ಸಹೋದ್ಯೋಗಿ ಮಧ್ಯಾಹ್ನದವರೆಗೆ ಕೆತ್ತಿ, ಊಟಕ್ಕೆಂದು ಹೋದವನು ಮರಳಲಿಲ್ಲ. ವರನ ತಂದೆ ಮಾತ್ರ ನೆರಳಿನಂತೆ ಹಿಂದೆಯೇ ಇದ್ದರು.

"ಇಪ್ಪತ್ಮೂರು ಎಲ್ಲಿ? ಇಪ್ಪತ್ತೆಲ್ಡಾದ್ಮೇಲೆ ಇಪ್ಪತ್ನಾಕಕ್ಕೆ ಬಂದ್ರಿ."

ನನ್ನ ಪಟ್ಟಿಯಲ್ಲಿ ನೋಡಿದರೆ ನಿಜ. ಲಂಟಾನದ ಪೊದೆಯ ಹಿಂದಿತ್ತು. ಹಿಂದೆ ಹೋಗಿ ಅದನ್ನೂ ಕೆತ್ತಿದೆ. ಮೂವತ್ತನೆಯದನ್ನು ದಾಟುವಷ್ಟರಲ್ಲಿ ಬೆರಳ ಗೆಣ್ಣುಗಳು ಸುಲಿದು, ಪ್ಯಾಂಟಿನ ಮೊಣಕಾಲು ಹರಿದಿತ್ತು. ಅವರು ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಸಾಮಿ, ನೀವು ನಿಜ್ವಾಗ್ಲೂ ಸರ್ವೆಯೋರಲ್ಲ."

"ಈಗ ಹ್ಯಾಂಗ್ ಗೊತ್ತಾತ್ರೀ?" ಎಂದೆ. ದನಿ ಏರಿತ್ತೆಂದು ಕಾಣುತ್ತದೆ.

"ಸರ್ವೆಯೋರು ಮಣ್ಣಾಗ್ ಕುಂತಿದ್ದು ನಾನ್ ಕಾಣೆ. ಅವ್ರಿಗೆ ಬಳ್ಯಾಕೂ ಆಳು, ಅಳ್ಸಾಕೂ ಆಳು."

ಗುರುತಿನ ಚೀಟಿ, ಫೋಟೋ, ವಿವರಣೆ, ಯಾವುದೂ ಮಾಡದ ಕೆಲಸವನ್ನು ಹರಿದ ಪ್ಯಾಂಟು ಮಾಡಿತ್ತು. ಹಾಗಾದರೆ ಉಳಿದದ್ದನ್ನು ಬಿಡಬಹುದೇ ಎಂದು ಕೇಳಿದೆ. "ಬ್ಯಾಡ ಬ್ಯಾಡ, ಪೂರ್ತಿ ಕೆರ್ದ್ಬುಡಿ," ಎಂದು ಎದ್ದು ಮತ್ತೆ ಕೊಡೆ ಬಿಚ್ಚಿದರು. ದೂರದಲ್ಲಿ ನಿಂತಿದ್ದ ಹುಡುಗಿಯ ತಂದೆ ಓಡುತ್ತಾ ಮನೆಯ ಕಡೆ ಹೋದರು. ಹಿತ್ತಾಳೆ ಲೋಟಗಳಲ್ಲಿ ಕಾಫಿ ಬಂತು. ಈ ಬಾರಿ ಬೀಗರು ಕುಡಿದರು. ಶುಕ್ರವಾರ ಲಗ್ನ ಬರೆಸಿದರು.

ಮದುವೆ ಮಾಘದಲ್ಲಾಯಿತು. ಇದರ ಬಗ್ಗೆ ಸಂಶಯವಿಲ್ಲ. ಅರಿಶಿನ ಹಚ್ಚಿದ ಪತ್ರಿಕೆ ಇನ್ನೂ ನನ್ನ ಕಡತದಲ್ಲಿದೆ. ಚಪ್ಪರದಲ್ಲಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿದ ವರನ ತಂದೆ, ಬಂದ ನೆಂಟರಿಗೆಲ್ಲ, "ಇವ್ರೇ ಕಣ್ರಪ್ಪಾ, ನಮ್ ಬೀಗ್ರ ಜಮೀನ್ ಬುಟ್ಕೊಟ್ಟ ಸಾಯೇಬ್ರು," ಎಂದು ಪರಿಚಯಿಸತೊಡಗಿದರು. ಮೊದಲ ಮೂವರಿಗೆ ನಾನು ತಿದ್ದಿ ಹೇಳಿದೆ. ನಾಲ್ಕನೆಯವರಿಂದ ಮುಂದೆ ಬರೀ ಕೈಮುಗಿದೆ.

ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಬ್ಯಾಟರಾಯನಪುರದ ಕಡೆಯ ಇಬ್ಬರು ಹಿರಿಯರು ಬಂದು ಪಕ್ಕದಲ್ಲಿ ನಿಂತರು. ತಮ್ಮ ಹೊಲದ ಕಲ್ಲುಗಳ ಮೇಲೂ ಕೆಂಪು ಬಣ್ಣ ಬಂದಿದೆ, ಹೋದ ತಿಂಗಳು ಜೀಪಿನಲ್ಲಿ ಬಂದವರು ಹಾಕಿ ಹೋದರು, ಸಾಹೇಬರು ದೊಡ್ಡ ಮನಸ್ಸು ಮಾಡಬೇಕು ಎಂದರು.

"ಅದು ನಾ ಹಚ್ಚಿದ ಬಣ್ಣ ಅಲ್ರೀ," ಎಂದೆ.

"ಇರ್ಲಿ ಸಾಮಿ," ಎಂದರು ಹಿರಿಯರಲ್ಲೊಬ್ಬರು, ನನ್ನ ಕೈಗೆ ಟವೆಲು ಕೊಡುತ್ತಾ. "ನಿಮಗೆ ಕೆರ್ಯಾಕ್ ಬತ್ತದಲ್ಲ."